ಹಾಸು ಮುಗೀಲಿ

ನಮ್ಮ ಸೀಮೆಯಲ್ಲಿ ಕೆಮ್ಮಿಗೆ ಕಾರಣ ಹುಡುಕಬೇಕಾಗಿಲ್ಲ, ಅದು ಮನೆ ಬಾಗಿಲಲ್ಲೇ ಇರುತ್ತದೆ. ಚಳ್ಳಕೆರೆಯಾದರೆ ಎಣ್ಣೆ ಮಿಲ್ಲಿನ ಧೂಳು. ಶೇಂಗಾ ಸುಗ್ಗಿಯಲ್ಲಿ ಮಿಲ್ಲುಗಳಿಂದ ಹಾರುವ ಹೊಟ್ಟು ಒಣಹಾಕಿದ ಬಟ್ಟೆಯ ಮೇಲೆ, ನೀರಿನ ಕೊಡದ ಮೇಲೆ ಬಂದು ಕೂರುತ್ತಿತ್ತು. ಮೊಳಕಾಲ್ಮೂರಾದರೆ ಮಗ್ಗದ ಮನೆ. ಗಾಳಿಗೆ ಎಳೆ ಸಿಕ್ಕಾಗದಂತೆ, ಜರಿಗೆ ಧೂಳು ಹತ್ತದಂತೆ ಕಿಟಕಿ ಮುಚ್ಚಿಕೊಂಡೇ ನೇಯುವ ಕೋಣೆ. ಎರಡೂ ಊರಿಗೆ ಸೇರಿದ್ದು ಆಷಾಢದ ಗಾಳಿ, ಪುಷ್ಯದ ಚಳಿ, ಮತ್ತು ಬೀಡಿ. ಇಷ್ಟೆಲ್ಲ ಕಾರಣ ಕೈಯಳತೆಯಲ್ಲೇ ಇರುವಾಗ ಕೆಮ್ಮುವವನನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಡಿಸುವುದು ಸುಲಭದ ಮಾತಲ್ಲ.

ಅಪ್ಪನ ಮನೆ ಚಳ್ಳಕೆರೆ, ಅಮ್ಮನ ತವರು ಮೊಳಕಾಲ್ಮೂರು. ತಳಕು, ಬಿ.ಜಿ.ಕೆರೆ, ಹಾನಗಲ್ ಎಂದು ಊರೂರಿಗೆ ನಿಲ್ಲುತ್ತಾ ಹೋಗುವ ಬಸ್ಸಿನಲ್ಲಿ ನನ್ನ ರಜಾದಿನಗಳು ಓಡಾಡಿದವು. ಹಾಗಾಗಿ ಎರಡೂ ಊರಿನ ಕೆಮ್ಮನ್ನು ಹತ್ತಿರದಿಂದ ಕೇಳಿದವನು ನಾನು.

ಅಪ್ಪ ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಕಾರ್ತಿಕದಲ್ಲಿ ಚೀಲಗಳು ಬರತೊಡಗಿದರೆ ಅವರ ಕೆಮ್ಮೂ ಶುರುವಾಗಿ, ಸಂಕ್ರಾಂತಿ ಹೊತ್ತಿಗೆ ತಾನಾಗಿ ನಿಲ್ಲುತ್ತಿತ್ತು. ಅಮ್ಮ ಮೆಣಸು, ಶುಂಠಿ, ದೊಡ್ಡಪತ್ರೆ ಹಾಕಿ ಕಷಾಯ ಕಾಯಿಸಿ ಕೊಡುತ್ತಿದ್ದಳು. ಒಂದು ವರ್ಷ ಸಂಕ್ರಾಂತಿ ಕಳೆದರೂ ಕೆಮ್ಮು ನಿಲ್ಲಲಿಲ್ಲ. ಅಮ್ಮ ಬಿಡಲಿಲ್ಲ. ‘ಧೂಳು ಹೋಗಿ ಎಷ್ಟು ದಿನ ಆತು? ಈಗ್ಯಾಕೆ ಕೆಮ್ಮು?’ ಎಂಬ ಅವಳ ಪ್ರಶ್ನೆಗೆ ಅಪ್ಪನ ಹತ್ತಿರ ಉತ್ತರವಿರಲಿಲ್ಲ. ಗೊಣಗಿಕೊಂಡೇ ಹೋದರು. ಕಫ ಪರೀಕ್ಷೆ ಮಾಡಿದರು, ಎಕ್ಸ್‌ರೇ ತೆಗೆದರು. ಏನೂ ಸಿಗಲಿಲ್ಲ. ಬೀಡಿ ಬಿಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಹೇಳಿ ಕಳಿಸಿದರು. ‘ಒಂದು ದಿನದ ಕೂಲಿ ಹಾಳಾತು’ ಎಂದು ಅಪ್ಪ ಆ ವರ್ಷವೆಲ್ಲ ಹೇಳಿಕೊಂಡು ತಿರುಗಿದರು. ‘ಏನೂ ಇಲ್ಲ ಅಂತ ಗೊತ್ತಾತಲ್ಲ, ಅದಕ್ಕೆ ಬೆಲೆ ಇಲ್ವೇ?’ ಎಂಬುದು ಅಮ್ಮನ ವಾದ. ಅಮ್ಮನ ಮಾತಿನ ತೂಕ ನನಗೆ ತಿಳಿದದ್ದು ಅವಳ ತಮ್ಮನ ಕೆಮ್ಮು ಕೇಳಿದ ಮೇಲೆ.

ಮಾವನದು ಗುಂಡಿ ಮಗ್ಗ. ಮೊಳಕಾಲ್ಮೂರು ಸೀರೆಯ ಅಂಚು ಒಂದು ಬಣ್ಣ, ಒಡಲು ಇನ್ನೊಂದು ಬಣ್ಣ. ಅಂಚಿನ ಲಾಳಿ ದಾಟಿಸಲು ನೇಯುವವನ ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಮಾವನ ಪಕ್ಕದಲ್ಲಿ ಕೂರುತ್ತಿದ್ದವಳು ಮಗಳು. ಬೆಳಗ್ಗೆ ಕೂತರೆ ದೀಪ ಹಚ್ಚುವ ತನಕ ಅಪ್ಪ ಮಗಳು ಒಂದು ಮೊಳ ದೂರದಲ್ಲಿ ಇಡೀ ದಿನ ಕಳೆಯುತ್ತಿದ್ದರು. ರೇಷ್ಮೆ, ಜರಿ ಕೊಡುವುದು ಸಾಹುಕಾರರು, ಸೀರೆ ಇಳಿಸಿದರೆ ಮಜೂರಿ. ಒಂದು ಹಾಸಿನಲ್ಲಿ ಹಲವು ಸೀರೆ ಬರುತ್ತವೆ, ಅವೆಲ್ಲ ಇಳಿಯುವವರೆಗೆ ನೇಕಾರನಿಗೆ ಮಗ್ಗ ಬಿಟ್ಟು ಏಳಲು ಮನಸ್ಸು ಬರುವುದಿಲ್ಲ.

ದೀಪಾವಳಿ ಆದ ಮೇಲೆ ಮಾವನಿಗೆ ಕೆಮ್ಮು ಹಿಡಿಯಿತು. ಆ ಕೆಮ್ಮಿನಲ್ಲಿ ಸದ್ದೇನೂ ಹೆಚ್ಚಿರಲಿಲ್ಲ, ಆದರೆ ಅದು ಬಿಡುತ್ತಲೂ ಇರಲಿಲ್ಲ. ಸಂಜೆಯಾದರೆ ಮೈ ಸಣ್ಣಗೆ ಬೆಚ್ಚಗಾಗುತ್ತಿತ್ತು. ರಾತ್ರಿ ಬೆವರಿಗೆ ಬನಿಯನ್ನು ನೆನೆಯುತ್ತಿತ್ತು. ‘ಈ ಹಾಸು ಮುಗೀಲಿ ಅಕ್ಕ, ತೋರಿಸಿಕೊಂಡು ಬರ್ತೀನಿ’ ಎಂದು ಅಮ್ಮನಿಗೆ ಹೇಳಿದ. ಹಾಸು ಮುಗಿಯಿತು, ಅಷ್ಟರಲ್ಲಿ ಹೊಸ ಹಾಸು ಬಂದಿತ್ತು. ಆಮೇಲೆ ಮದುವೆ ಸೀಸನ್ನಿನ ಬೇಡಿಕೆ. ಆಮೇಲೆ ನಾಯಕನಹಟ್ಟಿ ಜಾತ್ರೆ. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಹೋಗದೆ ಇರುವ ಮನೆ ನಮ್ಮ ಸೀಮೆಯಲ್ಲಿ ಕಡಿಮೆ. ‘ಹಟ್ಟಿ ಜಾತ್ರೆ ಆಗಲಿ.’ ಅಷ್ಟು ಹೊತ್ತಿಗೆ ಅವನ ಅಂಗಿ ಹೆಗಲಿನಿಂದ ಜಾರತೊಡಗಿತ್ತು.

ಮಾವ ಸುಮ್ಮನೆ ಕೂತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಊರಿನವರು ಅನಕ್ಷರಸ್ಥರು, ಮೂಢರು, ಕಾಯಿಲೆ ಬಲಿಯುವ ತನಕ ಡಾಕ್ಟರ ಹತ್ತಿರ ಹೋಗುವುದಿಲ್ಲ ಎಂಬ ಮಾತನ್ನು ಓದಿದವರು ಸಲೀಸಾಗಿ ಆಡುತ್ತಾರೆ. ಮಾವ ಔಷಧದಂಗಡಿಗೆ ಹೋಗಿದ್ದ, ಕೆಮ್ಮಿನ ಸಿರಪ್ಪು ಕೊಟ್ಟರು. ಸೂಜಿ ಹಾಕುವ ಖಾಸಗಿ ವೈದ್ಯರೊಬ್ಬರಲ್ಲಿಗೆ ಹೋಗಿದ್ದ, ಒಂದು ಸೂಜಿ, ನಾಲ್ಕು ಬಣ್ಣದ ಮಾತ್ರೆ. ಎರಡು ದಿನ ಹಗುರಾಗುತ್ತಿತ್ತು, ಮತ್ತೆ ಅದೇ. ಕೆಲವು ಆ್ಯಂಟಿಬಯಾಟಿಕ್ ಮಾತ್ರೆಗಳು ಕ್ಷಯದ ಕ್ರಿಮಿಯನ್ನು ಸ್ವಲ್ಪ ಅದುಮಿ, ವಾಸಿಯಾಯಿತು ಎಂಬ ಭ್ರಮೆ ಹುಟ್ಟಿಸುತ್ತವೆ, ರೋಗ ಪತ್ತೆಯಾಗುವುದನ್ನು ಅಷ್ಟರ ಮಟ್ಟಿಗೆ ಮುಂದಕ್ಕೆ ತಳ್ಳುತ್ತವೆ. ಇದು ಅವನಿಗೆ ಹೇಗೆ ತಿಳಿಯಬೇಕು? ಹೋದಲ್ಲೆಲ್ಲ ಕೆಮ್ಮಿಗೆ ಮದ್ದು ಸಿಕ್ಕಿತು. ಕಫವನ್ನೊಮ್ಮೆ ನೋಡೋಣ ಎಂದವರು ಯಾರೂ ಇರಲಿಲ್ಲ.

ಮುಂದೆ ನಾನು ಮೇಷ್ಟ್ರಾದ ಮೇಲೆ, ಓದಿನ ನಡುವೆ ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಒಂದು ಹಳೆಯ ಅಧ್ಯಯನ ಕಣ್ಣಿಗೆ ಬಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳ ಕ್ಷಯರೋಗಿಗಳನ್ನು ಅವರವರ ಮನೆಯಲ್ಲೇ ಕಂಡು ಮಾತಾಡಿಸಿದ ವರದಿ 1963ರಲ್ಲಿ ಅಚ್ಚಾಯಿತು. ನಿಮಗೆ ಕೆಮ್ಮಿದೆಯೇ, ಅದರ ಚಿಂತೆ ಹತ್ತಿದೆಯೇ, ಏನು ಮಾಡಿದಿರಿ ಎಂದು ಕೇಳಿದ್ದರು. ಬಹುತೇಕ ಎಲ್ಲರಿಗೂ ತಮ್ಮ ಕಾಯಿಲೆಯ ಲಕ್ಷಣ ಗೊತ್ತಿತ್ತು. ಬಹಳ ಜನಕ್ಕೆ ಅದರ ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿಯೂ ಆಗಿತ್ತು. ಅಲ್ಲಿಂದ ಅವರು ವಾಪಸು ತಂದದ್ದು ಕೆಮ್ಮಿನ ಔಷಧದ ಬಾಟಲಿ. ಅದನ್ನು ಓದಿದಾಗ ಮಾವನ ಮನೆಯ ಗೂಡಿನಲ್ಲಿ ಸಾಲಾಗಿದ್ದ ಖಾಲಿ ಸಿರಪ್ಪಿನ ಶೀಷೆಗಳು ನೆನಪಾದವು. ಮಾವ ಹುಟ್ಟುವ ಕಾಲಕ್ಕೇ ಅವನ ಕಥೆಯನ್ನು ಬರೆದಿಟ್ಟಿದ್ದರಲ್ಲ ಎನಿಸಿತು. ಆ ಅಧ್ಯಯನ ವ್ಯರ್ಥವಾಗಲಿಲ್ಲ. ರೋಗಿ ಮೊದಲು ಎಲ್ಲಿಗೆ ಹೋಗುತ್ತಾನೋ ಅಲ್ಲೇ ಕ್ಷಯದ ಪರೀಕ್ಷೆಯೂ ಆಗಬೇಕು ಎಂಬ ತಿಳಿವಳಿಕೆಯ ಮೇಲೆ, ವರದಿ ಅಚ್ಚಾಗುವ ಮೊದಲೇ, 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತಿತು. ಅದು ಮೊಳಕಾಲ್ಮೂರಿನ ಒಂದು ಓಣಿಗೆ ತಲುಪಲು ಇನ್ನೂ ದಶಕಗಳು ಬೇಕಾದವು, ಅಷ್ಟೇ.

ಮಾವನನ್ನು ಕೊನೆಗೆ ಎಬ್ಬಿಸಿದ್ದು ಅವನ ಕೆಮ್ಮಲ್ಲ, ಮಗಳದು. ಯುಗಾದಿ ಆಸುಪಾಸಿನಲ್ಲಿ ಅವಳೂ ಕೆಮ್ಮತೊಡಗಿದಳು. ರಾಯದುರ್ಗದ ಕಡೆಯಿಂದ ಸಂಬಂಧವೊಂದು ಕೇಳಿಕೊಂಡು ಬಂದಿದ್ದ ದಿನಗಳು ಅವು. ಆಸ್ಪತ್ರೆಯ ಕ್ಷಯದ ಸಾಲಿನಲ್ಲಿ ನಿಂತದ್ದನ್ನು ಯಾರಾದರೂ ನೋಡಿದರೆ ಸುದ್ದಿ ಗಡಿ ದಾಟಲು ಬಸ್ಸು ಬೇಕಿರಲಿಲ್ಲ. ಅತ್ತೆಗೆ ಎರಡೂ ಭಯ. ಹೋದರೆ ಮದುವೆ ತಪ್ಪುತ್ತದೆ, ಹೋಗದಿದ್ದರೆ ಮಗಳೇ ತಪ್ಪುತ್ತಾಳೆ. ಒಂದು ರಾತ್ರಿ ಯೋಚಿಸಿ, ಬೆಳಗ್ಗೆ ಮಗ್ಗದ ಮೇಲೆ ಬಟ್ಟೆ ಹೊದಿಸಿ, ‘ನೀವು ನಿಮಗೋಸ್ಕರ ಬರೋದು ಬ್ಯಾಡ. ಅವಳಿಗೋಸ್ಕರ ಬರ್ರಿ’ ಎಂದಳು. ಮಾವ ಚಪ್ಪಲಿ ಮೆಟ್ಟಿಕೊಂಡ.

ನಾನೂ ಜೊತೆಗೆ ಹೋಗಿದ್ದೆ. ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ‘ಮೂರು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ’ ಎಂಬ ಅರ್ಥದ ಬರಹವಿತ್ತು. ಮಾವನ ಲೆಕ್ಕ ತಿಂಗಳುಗಳಲ್ಲಿತ್ತು. ಪ್ರಯೋಗಾಲಯದವರು ಸಣ್ಣ ಡಬ್ಬಿ ಕೊಟ್ಟು, ಉಗುಳು ಬೇಡ, ಎದೆಯಾಳದಿಂದ ಕೆಮ್ಮಿ ತೆಗೆದ ಕಫವೇ ಬೇಕು ಎಂದು ಬಿಡಿಸಿ ಹೇಳಿದರು. ಕೆಮ್ಮುವಾಗ ಬಯಲಿಗೆ ಹೋಗಿ, ಹತ್ತಿರ ಯಾರೂ ಇರದಂತೆ ನೋಡಿಕೊಳ್ಳಿ ಎಂದರು. ಬೆಳಗಿನ ಕಫ ಬೇರೆ ತರಲು ಹೇಳಿದರು. ಅವರಿಗೆ ಮಾವ ನೇಕಾರನೆಂದು ತಿಳಿದು ಸ್ವಲ್ಪ ಸಲಿಗೆ ಬೆಳೆದಿತ್ತು. ಫಲಿತಾಂಶ ಹೇಳುವ ಮೊದಲು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಲು ಬಿಟ್ಟರು. ಆ ಪರೀಕ್ಷೆಯಲ್ಲಿ ಬಣ್ಣ ಹಾಕಿದಾಗ ಹಿನ್ನೆಲೆ ನೀಲಿಯಾಗಿ, ಕ್ಷಯದ ಕ್ರಿಮಿಗಳು ಕೆಂಪು ಗೆರೆಗಳಾಗಿ ಕಾಣುತ್ತವೆ. ಮಾವ ಬಹಳ ಹೊತ್ತು ನೋಡಿದ. ‘ನೀಲಿ ಒಡಲಿಗೆ ಕೆಂಪು ಬುಟ್ಟಾ ಬಿಟ್ಟಂಗೈತಲ್ಲ ಸಾರ್’ ಎಂದ. ಅವರು ನಕ್ಕು, ‘ಬುಟ್ಟಾ ಜಾಸ್ತಿ ಬಿದ್ದಾವೆ ಕಣಪ್ಪ’ ಎಂದರು. ಚೀಟಿಯಲ್ಲಿ ಎರಡು ಪ್ಲಸ್ ಎಂದು ಬರೆದಿತ್ತು.

ಮಗಳ ಕಫದಲ್ಲಿ ಏನೂ ಇರಲಿಲ್ಲ. ಅವಳದು ಬರೀ ನೆಗಡಿಯ ಕೆಮ್ಮು, ವಾರದೊಳಗೆ ನಿಂತಿತು. ಅಪ್ಪನ ಕಾಯಿಲೆಯನ್ನು ಹೊರಗೆ ತಂದ ಕೆಮ್ಮು ಕಾಯಿಲೆಯದೇ ಆಗಿರಲಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಯೇ ಎಂದು ಆಸ್ಪತ್ರೆಯವರು ಕೇಳಿದರು. ಬೇಸಿಗೆಗೆ ಬಂದಿದ್ದ ಮಾವನ ಹಿರಿಮಗಳ ಕೂಸಿಗೂ ಮುನ್ನೆಚ್ಚರಿಕೆಯ ಮಾತ್ರೆ ಶುರುವಾಯಿತು. ಇಷ್ಟು ತಿಂಗಳು ಮಾವನ ಕೆಮ್ಮು ಮಾವನ ಖಾಸಗಿ ವ್ಯವಹಾರ ಎಂದೇ ನಾವೆಲ್ಲ ಮಾತಾಡಿಕೊಂಡಿದ್ದೆವು. ಅವನ ಮೈ, ಅವನ ಕೂಲಿ, ಅವನ ಹಾಸು. ಆ ದಿನ ಆಸ್ಪತ್ರೆಯವರು ಪಟ್ಟಿ ಮಾಡಿದ್ದು ಅವನ ಜೊತೆ ಒಂದೇ ಕೋಣೆಯ ಗಾಳಿ ಉಸಿರಾಡಿದವರನ್ನು.

ಚಿಕಿತ್ಸೆ ಡಾಟ್ಸ್ ಪದ್ಧತಿಯದು. ಮಾವನ ಹೆಸರು ಬರೆದ ಕೆಂಪು ಪೆಟ್ಟಿಗೆಯಲ್ಲಿ ಆರು ತಿಂಗಳ ಮಾತ್ರೆ ಪೂರ್ತಿ ಬಂದಿತ್ತು. ಅವನದೇ ಪೆಟ್ಟಿಗೆ, ಬೇರೆಯವರಿಗೆ ಕೊಡುವ ಹಾಗಿಲ್ಲ, ನಡುವೆ ಮುಗಿದುಹೋಯಿತು ಎನ್ನುವ ಹಾಗೂ ಇಲ್ಲ. ಕಾಸಿಲ್ಲ. ವಾರಕ್ಕೆ ಮೂರು ದಿನ ಪಕ್ಕದ ಓಣಿಯ ಅಂಗನವಾಡಿ ಟೀಚರ ಎದುರಿಗೆ ನುಂಗಬೇಕು. ಮೊದಲ ದಿನವೇ ಮೂತ್ರ ಕೆಂಪಗೆ ಹೋಗಿ ಅತ್ತೆ ಗಾಬರಿಯಾದಳು. ರಿಫಾಂಪಿಸಿನ್ ಮಾತ್ರೆಯ ಬಣ್ಣ ಅದು, ರಕ್ತ ಅಲ್ಲ ಎಂದು ಟೀಚರೇ ಸಮಾಧಾನ ಹೇಳಿದರು. ಕೆಲವೇ ವಾರಗಳಲ್ಲಿ ಕೆಮ್ಮು ಇಳಿಯಿತು, ಊಟ ಸೇರಿತು. ಆಗ ಇನ್ನೊಂದು ಅಪಾಯ ಎದುರಾಯಿತು. ವಾಸಿಯಾಯಿತಲ್ಲ, ಮಾತ್ರೆ ಯಾಕೆ ಎಂಬುದು ಮಾವನ ಹೊಸ ಪ್ರಶ್ನೆ. ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿಗಳು ಔಷಧಕ್ಕೆ ಬಗ್ಗದ ಜಾತಿಯಾಗಿ ಏಳುತ್ತವೆ, ಆಗ ಇದೇ ಮಾತ್ರೆ ಕೆಲಸಕ್ಕೆ ಬರುವುದಿಲ್ಲ ಎಂದು ಟೀಚರು ಹೇಳಿದ್ದನ್ನು ಅತ್ತೆ ಹಿಡಿದುಕೊಂಡಳು. ಅವಳ ಕಣ್ಣು ತಪ್ಪಿಸಿ ಮಾವ ಒಂದು ಡೋಸನ್ನೂ ಬಿಡಲಾಗಲಿಲ್ಲ.

ಮಾವ ಊರು ಬಿಟ್ಟು ಹೋಗಬೇಕಾಗಿ ಬರಲಿಲ್ಲ. ನಮ್ಮ ತಾತನ ಕಾಲದವರು ಕ್ಷಯವೆಂದರೆ ಮೈಸೂರಿನ ಸ್ಯಾನಿಟೋರಿಯಂ ಎನ್ನುತ್ತಿದ್ದರು, ಅಲ್ಲಿಗೆ ಹೋದವರ ಬಗ್ಗೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಮನೆಯಲ್ಲೇ ಇದ್ದು ಔಷಧ ತೆಗೆದುಕೊಂಡರೂ ಸ್ಯಾನಿಟೋರಿಯಂನಷ್ಟೇ ಚೆನ್ನಾಗಿ ವಾಸಿಯಾಗುತ್ತದೆ, ಅದರಿಂದ ಮನೆಯವರಿಗೆ ಹೆಚ್ಚಿನ ಅಪಾಯವೂ ಇಲ್ಲ ಎಂದು ಮದರಾಸಿನ ಅಧ್ಯಯನ 1959ರಲ್ಲೇ ತೋರಿಸಿಕೊಟ್ಟಿತ್ತು. ಚಿಕಿತ್ಸೆ ಶುರುವಾದ ಮೇಲೆ ಹರಡುವ ಶಕ್ತಿ ಬೇಗ ಕುಗ್ಗುತ್ತದೆ. ಮನೆಯವರಿಗೆ ಹತ್ತುವ ಅಪಾಯ ಹೆಚ್ಚಿರುವುದು ರೋಗ ಪತ್ತೆಯಾಗುವ ಮೊದಲು. ಎಂದರೆ ಮಾವ ‘ಹಾಸು ಮುಗೀಲಿ’ ಎನ್ನುತ್ತಿದ್ದ ಆ ತಿಂಗಳುಗಳಲ್ಲಿ. ಅತ್ತೆ ಮಗ್ಗದ ಕೋಣೆಯ ಕಿಟಕಿ ತೆರೆಸಿದಳು. ಎಳೆ ಹಾಳಾಗುತ್ತದೆ ಎಂದು ಮಾವ ಕೂಗಾಡಿದ. ಕಿಟಕಿ ತೆರೆದೇ ಇತ್ತು.

ರಾಯದುರ್ಗದ ಸಂಬಂಧ ಕೂಡಿಬರಲಿಲ್ಲ. ಕಾರಣವನ್ನು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಮಾವನ ಕೋರ್ಸು ಮುಗಿದು, ಕಫ ನೆಗೆಟಿವ್ ಬಂದ ಮೇಲೆ ಬೇರೆ ಕಡೆ ಮದುವೆಯಾಯಿತು. ಧಾರೆ ಸೀರೆಯನ್ನು ಮಾವನೇ ನೇಯ್ದ. ಬುಟ್ಟಾ ಯಾವ ಬಣ್ಣ ಎಂದು ನಾನು ಕೇಳಿದ್ದಕ್ಕೆ ಅತ್ತೆ ಲಟ್ಟಣಿಗೆ ಎತ್ತಿದಳು.

ಇದಾಗಿ ಕೆಲವು ವರ್ಷಗಳಲ್ಲಿ ಆಸ್ಪತ್ರೆಯ ಗೋಡೆಯ ಬರಹ ಬದಲಾಯಿತು. 2009ರಲ್ಲಿ ಮೂರು ವಾರವನ್ನು ಎರಡಕ್ಕೆ ಇಳಿಸಿದರು. ಎರಡು ವಾರ ದಾಟಿದ ಕೆಮ್ಮಿನಲ್ಲಿ ಹೆಚ್ಚಿನವು ಕ್ಷಯವಲ್ಲ ಎಂಬುದು ನಿಯಮ ಮಾಡಿದವರಿಗೂ ಗೊತ್ತು. ನಮ್ಮಪ್ಪನಂತೆ ಬರಿಗೈಯಲ್ಲಿ ಮರಳುವವರೇ ಜಾಸ್ತಿ. ಆದರೆ ಹಾಗೆ ಮರಳುವ ಹತ್ತಾರು ಜನರ ನಡುವೆ ಒಬ್ಬ ಮಾವ ಇರುತ್ತಾನೆ. ಅವನನ್ನು ಹಿಡಿಯಬೇಕಾದರೆ ಉಳಿದವರ ಒಂದೊಂದು ದಿನದ ಕೂಲಿ ಹೋಗಲೇಬೇಕು. ಆಮೇಲೆ ಬಂದ ಸಿಬಿನ್ಯಾಟ್ ಯಂತ್ರ ಎರಡು ಗಂಟೆಯೊಳಗೆ ಕ್ರಿಮಿ ಇದೆಯೇ ಎಂಬುದನ್ನೂ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನೂ ಹೇಳುತ್ತದೆ. ವಾರಕ್ಕೆ ಮೂರು ದಿನದ ಮಾತ್ರೆ ದಿನವೂ ನುಂಗುವ ಮಾತ್ರೆಯಾಯಿತು. 2018ರ ಏಪ್ರಿಲ್‌ನಿಂದ ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ ಖಾತೆಗೆ ಬರುತ್ತದೆ. ಮಗ್ಗ ನಿಂತ ದಿನದ ನಷ್ಟ ಅದರಿಂದ ತುಂಬುವುದಿಲ್ಲ. ಆದರೂ ‘ಬಾ’ ಎಂದು ಕರೆಯುವವರು ಕೂಲಿಯ ವಿಚಾರವನ್ನೂ ಮಾತಾಡತೊಡಗಿದ್ದು ಸರಿಯಾದ ದಿಕ್ಕು.

ಕೋವಿಡ್ ಬಂದಾಗ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಚಳ್ಳಕೆರೆಯ ನಮ್ಮ ಓಣಿಯಲ್ಲಿ ಜನ ಕೆಮ್ಮನ್ನು ದಿಂಬಿನಲ್ಲಿ ಅಡಗಿಸಿದರು. ಆಂಬುಲೆನ್ಸ್ ಬಂದು ಕರೆದೊಯ್ಯುತ್ತದೆ, ಬೀದಿಗೆ ತಡೆ ಕಟ್ಟುತ್ತಾರೆ, ಅಂಗಡಿ ಮುಚ್ಚಿಸುತ್ತಾರೆ ಎಂಬ ಭಯ. ಆ ಭಯಕ್ಕೆ ಕ್ಷಯರೋಗಿಗಳೂ ಸಿಕ್ಕಿಬಿದ್ದರು. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯ ಪ್ರಕರಣಗಳು ದಾಖಲಾಗಿದ್ದವು, 2020ರಲ್ಲಿ ಅದು 18 ಲಕ್ಷಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರೋಗವೇ ಅಷ್ಟು ಕಡಿಮೆಯಾಗಿರಲು ಸಾಧ್ಯವಿಲ್ಲ. ದಾಖಲಾಗದೆ ಉಳಿದವರು ಮನೆಯೊಳಗೆ ಕೆಮ್ಮುತ್ತ ಕುಳಿತಿದ್ದರು.

ಇನ್ನೊಂದು ವ್ಯತ್ಯಾಸವನ್ನು ಕೋವಿಡ್ ಕಲಿಸಿತು. ಕ್ಷಯಕ್ಕೆ ವಾರ ಎಣಿಸಬೇಕು, ಇದಕ್ಕೆ ಗಂಟೆ. 2021ರ ಎರಡನೇ ಅಲೆಯಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ‘ನಂಗೇನಾಗೈತೆ, ಆರಾಮಾಗಿದೀನಿ’ ಎಂದು ಚಹಾ ಕುಡಿಯುತ್ತಿದ್ದರು. ಆಶಾ ಕಾರ್ಯಕರ್ತೆ ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ ಅಂಕಿ ತೊಂಬತ್ತರ ಕೆಳಗಿತ್ತು. 94ಕ್ಕಿಂತ ಕೆಳಗಿಳಿದರೆ ಕಾಯಬಾರದು ಎಂದು ಆಕೆಗೆ ಹೇಳಿಕೊಟ್ಟಿದ್ದರು. ಆಕೆ ವಾದ ಮಾಡಲಿಲ್ಲ, ಫೋನು ಮಾಡಿದಳು. ಹಿರಿಯರು ಉಳಿದರು. ಆರಾಮಾಗಿದೀನಿ ಎಂಬ ಅವರ ಮಾತು ಸುಳ್ಳಾಗಿರಲಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದರೂ ಕೆಲವರಿಗೆ ಉಸಿರು ಕಟ್ಟಿದ ಅನುಭವವೇ ಆಗದಿರುವುದು ಆ ಕಾಯಿಲೆಯ ಗುಣವಾಗಿತ್ತು.

ಆದ್ದರಿಂದ ನನ್ನ ಶಾಲೆಯ ಮಕ್ಕಳ ತಾಯಂದಿರು ‘ಸಾರ್, ಕೆಮ್ಮು, ತೋರಿಸಬೇಕಾ?’ ಎಂದು ಕೇಳಿದರೆ ನಾನು ವೈದ್ಯನಾಗಲು ಹೋಗುವುದಿಲ್ಲ, ಆಸ್ಪತ್ರೆಯವರು ಹೇಳಿಕೊಟ್ಟ ಗಡುವುಗಳನ್ನು ಹೇಳುತ್ತೇನೆ. ನೆಗಡಿ, ಸಣ್ಣ ಜ್ವರ, ಊಟ ಸೇರುತ್ತಿದೆ, ಮಗು ಆಡುತ್ತಿದೆ ಎಂದರೆ ಮನೆಯಲ್ಲೇ ಇರಿಸಿ, ಶಾಲೆಗೆ ಕಳಿಸಬೇಡಿ, ನೋಡುತ್ತಿರಿ. ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಮಂಪರು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಅದೇ ಗಳಿಗೆ ಹೊರಡಿ. ಕೂಸುಗಳ ವಿಷಯದಲ್ಲಿ ಪಕ್ಕೆ ಒಳಕ್ಕೆ ಸೆಳೆಯುತ್ತದೆಯೇ ನೋಡಿ, ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅದು ನ್ಯುಮೋನಿಯಾದ ಸೂಚನೆ. ಮುದುಕರು, ಬಸುರಿಯರು, ಸಕ್ಕರೆ ಕಾಯಿಲೆಯವರು ಜ್ವರ ಬಂದ ಕೂಡಲೇ ಕೇಳಿಕೊಳ್ಳಲಿ. ಉಳಿದ ಯಾವ ಕೆಮ್ಮಾದರೂ ಎರಡು ವಾರ ದಾಟಿತೆಂದರೆ ಕಫ ಪರೀಕ್ಷೆ.

ನಮಗೆ ಹೇಗನಿಸುತ್ತದೆ ಎಂಬುದನ್ನೇ ನಂಬಿ ಕೂರುವ ಹಾಗಿಲ್ಲ, ಕಾಯಿಲೆ ನಮ್ಮ ಅನುಕೂಲ ನೋಡಿಕೊಂಡು ನಡೆಯುವುದಿಲ್ಲ. ಕೆಲಸ ನೆಚ್ಚಿ ಬದುಕುವವನಿಗೆ ಮೈ ಯಾವತ್ತೂ ‘ಇನ್ನೊಂದು ದಿನ ತಡೀಬಹುದು’ ಎಂದೇ ಹೇಳುತ್ತದೆ. ಬೇರೆಯವರಿಗೆ ಹತ್ತದ ಕಾಯಿಲೆಯಾದರೆ ಆ ತಾಳ್ಮೆ ಅವನದು, ಅದರ ನಷ್ಟವೂ ಮೊದಲು ಅವನದೇ. ಉಸಿರಿನಲ್ಲಿ ಹರಡುವ ಕಾಯಿಲೆಗೆ ಆ ಲೆಕ್ಕ ಹೊಂದುವುದಿಲ್ಲ. ಮಾವ ತಡೆದುಕೊಂಡ ಒಂದೊಂದು ದಿನವೂ ಪಕ್ಕದಲ್ಲಿ ಲಾಳಿ ದಾಟಿಸುತ್ತಿದ್ದವಳ ಪಾಲಿಗೂ ಬರುತ್ತಿತ್ತು. ಹಾಗಾಗಿ ಯಾವಾಗ ಹೊರಡಬೇಕೆಂಬುದನ್ನು ಕೆಮ್ಮುವವನ ಧೈರ್ಯಕ್ಕೆ ಬಿಡದೆ ತಾರೀಖಿಗೆ ಬಿಡುವುದು ಒಳ್ಳೆಯದು. ತಾರೀಖಿಗೆ ಹಾಸಿನ ಹಂಗಿಲ್ಲ, ಸಾಹುಕಾರನ ದಾಕ್ಷಿಣ್ಯವಿಲ್ಲ, ಬೀಗರ ಭಯವಿಲ್ಲ.

ಅತ್ತೆ ಇದನ್ನು ನನಗಿಂತ ಮೊದಲೇ ಕಂಡುಕೊಂಡಿದ್ದಳು. ಅವರ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸೀರೆ ಇಳಿಸಿದ ದಿನದ ಜೊತೆಗೆ ಯಾರಿಗೆ ಎಂದು ಕೆಮ್ಮು ಶುರುವಾಯಿತು ಎಂಬುದಕ್ಕೂ ಗುರುತು ಬೀಳುತ್ತದೆ. ಹೋದ ವರ್ಷ ಮಗ್ಗಕ್ಕೆ ಬಂದ ಹೊಸ ಹುಡುಗ ಆ ಗುರುತು ನೋಡಿ, ‘ಅಮ್ಮಾ, ಇನ್ನೆರಡು ಸೀರೆ ಐತೆ, ಮುಗಿಸಿ ಹೋಗ್ತೀನಿ’ ಎಂದನಂತೆ. ಅತ್ತೆ ಅವನ ಕೈಯಿಂದ ಲಾಳಿ ಇಸಿದುಕೊಂಡು, ‘ಸೀರೆ ನಾನು ಕಾಯ್ತೀನಿ ಕಣಪ್ಪ, ನೀನು ಮೊದಲು ಬಸ್ಸು ಹತ್ತು’ ಎಂದಳಂತೆ. ಮಾವ ಅಲ್ಲೇ ಕಂಡಿಕೆ ಸುತ್ತುತ್ತಿದ್ದವನು ಬಸ್ ಚಾರ್ಜು ತೆಗೆದು ಕೊಟ್ಟನಂತೆ.